ಏಸಿಗೆ ಸಾವಿರದೆಂಟು

ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ನಿಲ್ಲಿಸಬೇಕಾದವರು ಯಾರು? ವಿಜ್ಞಾನದ ಪುಸ್ತಕಗಳನ್ನು ಎಷ್ಟು ತಿರುವಿದರೂ, ಮನುಷ್ಯರ ಮಟ್ಟಿಗೆ, ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕೌಸಲ್ಯಾ ಅವರ ಮನೆಯಲ್ಲಿ ಮಾತ್ರ ಸಿಕ್ಕಿತ್ತು: ಯಜಮಾನರು.

ಈ ಯಜಮಾನರು, ತಾಂಬರಂನ ಬದರಿನಾಥರದು, ಅಜ್ಜನ ಕಾಲದಿಂದ ಮದರಾಸಿನಲ್ಲಿ ನೆಲೆನಿಂತ ಮಾಧ್ವ ಮನೆತನ. ಬಸ್ಸು ಕಟ್ಟುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಹೆಣ್ಣು ನೋಡಲು ಬಂದ ದಿನ ಇಬ್ಬರೂ ಒಮ್ಮೆಲೇ ಏನೋ ಕೇಳಹೊರಟು, ಅವರು ತಟ್ಟನೆ ಬಾಯಿ ಮುಚ್ಚಿದ್ದರು. ಏನು ಕೇಳಬೇಕೆಂದಿದ್ದರೋ, ಮಗಳ ಮದುವೆಯಾದರೂ ಕೌಸಲ್ಯಾಗೆ ತಿಳಿಯಲಿಲ್ಲ.

ಇಂಥವರ ತಲೆಗೆ, ಎರಡು ಸಾವಿರದ ಮೂರರಲ್ಲಿ, ಬಸ್ಸಿನ ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡುವ ನಿಯಮ ಬರೆಯುವ ಕೆಲಸ ಬಿತ್ತು. ಬ್ರೇಕು, ಎಂಜಿನ್ನು, ಏಸಿ ಎಲ್ಲಕ್ಕೂ ಒಂದೇ ಜೋಡಿ ತಂತಿ. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ. ಎರಡು ಒಟ್ಟಿಗೆ ಹೊರಟರೆ ಸಣ್ಣ ಸಂಖ್ಯೆಯದು ಮುಂದುವರಿಯುತ್ತದೆ. ದೊಡ್ಡದು ತಾನಾಗಿ ಸುಮ್ಮನಾಗಿ, ಮುನಿಸಿಲ್ಲದೆ ಸರದಿ ಕಾಯುತ್ತದೆ. ಕಚೇರಿಗಳಲ್ಲಿ ಇನ್ನೂ ಬಾರದ ನಾಗರಿಕತೆ ತಂತಿಗೆ ಬಂದಿತ್ತು.

ಆದರೆ ಏಸಿ ವಿಭಾಗದ ಮುಖ್ಯಸ್ಥ, ಮಂಡ್ಯ ಕಡೆಯ ಗಂಗಾಧರ, ತಾನೇ ಹಿರಿಯನೆಂದು ಒಂದನೆಯ ಸಂಖ್ಯೆಗೆ ಪಟ್ಟುಹಿಡಿದರು.

"ಏಸಿ ಒಂದು ತಗೊಂಡ್ರೆ ಬ್ರೇಕು ಹಿಂದೆ ಬೀಳತ್ತೆ ಕಣೇ. ಎದುರಿಗೆ ಯಾರೋ ರಸ್ತೆ ದಾಟ್ತಿದ್ರೆ, ಇರಿ, ಮೊದ್ಲು ತಣ್ಣಗಾಗ್ತೀನಿ ಅನ್ನತ್ತೆ ಬಸ್ಸು."

ತಡವೆಂದರೆ ರೆಪ್ಪೆ ಬಡಿಯುವಷ್ಟೂ ಅಲ್ಲ. ಬದರಿನಾಥರಿಗೆ ಊಟ ಸೇರದಿರಲು ಅಷ್ಟೇ ಸಾಕಾಗಿತ್ತು.

"ಅದನ್ನ ಅವರ ಹತ್ರ ಹೇಳೋದು ತಾನೆ? ಇಲ್ಲಿ ಯಾಕೆ ಗೋಳೋ ಅಂತ ಪುಲಂಬ್ತೀರಿ?"

"ಹೇಳಕ್ಕೆ ಹೋದೆ. ಅವರೂ ಶುರು ಮಾಡಿದ್ರು."

"ನೀವು ನಿಲ್ಲಿಸಿದ್ರಿ. ಸರಿಯಾಪೋಚು!"

ಮರುವಾರ ಬದರಿನಾಥರು ಚಪ್ಪಲಿ ಬಿಡುವ ಮೊದಲೇ ಕೂಗಿದರು: "ಏಸಿಗೆ ಸಾವಿರದೆಂಟು ಕೊಟ್ಬಿಟ್ಟೆ! ಗಂಗಾಧರರ ಹತ್ರ ಹೋಗಿ, ಸಾರ್, ಒಂದು ಎರಡು ಎಲ್ಲ ಸಾಮಾನ್ಯರಿಗೆ, ಮಠದ ಸ್ವಾಮಿಗಳ ಹೆಸರಿನ ಮುಂದೆ ಏನಿರತ್ತೆ? ಶ್ರೀ ಸಾವಿರದೆಂಟು! ನಿಮಗೆ ಅದೇ ಸರಿ ಅಂದೆ. ಮನುಷ್ಯ ಬೆಣ್ಣೆ ಹಾಗೆ ಕರಗಿಹೋದ!"

ಕೌಸಲ್ಯಾ ನಕ್ಕ ರಭಸಕ್ಕೆ ಲೋಟದ ಕಾಫಿ ತುಳುಕಿತು. ಅಂದಿನಿಂದ ಏಸಿ ಬಸ್ಸು ಕಂಡಾಗಲೆಲ್ಲ, "ಏನ್ರೀ, ನಿಮ್ಮ ಸ್ವಾಮಿಗಳ ಸವಾರಿ ಬಂತು" ಎನ್ನುವರು. ಬದರಿನಾಥರ ಬಾಳಿನ ಒಂದೇ ದಿಗ್ವಿಜಯವದು. ಬೀಗರ ಮುಂದೆ, ನೆಂಟರ ಮುಂದೆ ಹೇಳಿದಷ್ಟೂ ಸಲ ಗಂಗಾಧರ ಇನ್ನಷ್ಟು ಪೆದ್ದರಾಗುತ್ತ ಹೋದರು.

ಕೆಲವು ವರ್ಷಗಳಲ್ಲಿ ಬದರಿನಾಥರು ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಗಂಗಾಧರರೂ ಬಂದರು. ಅವರ ಮುಖ ನೋಡಿದರೆ ದುಃಖದ ನಡುವೆಯೂ ನಗು ಬಂದೀತೆಂದು ಕೌಸಲ್ಯಾ ತಲೆ ತಗ್ಗಿಸಿದರು.

"ಸಾವಿರದೆಂಟು ಅಂದ್ರೆ ಹಿಂದ್ಗಡೆ ಸಾಲು ಅಂತ ನಂಗೆ ಆವತ್ತೇ ಗೊತ್ತಿತ್ತು ಕಣಮ್ಮ," ಎಂದರು ಗಂಗಾಧರ.

ಕೌಸಲ್ಯಾ ತಲೆಯೆತ್ತಿದರು. "ಮತ್ತೆ ಯಾಕೆ ಒಪ್ಪಿದ್ರಿ?"

"ಅವ್ರು ಆ ಸ್ವಾಮಿಗಳ ಕತೆ ತೆಗ್ದಾಗ ನಾನೂ ಬಾಯಿ ತೆಗ್ದೆ. ಬದರಿ ಸಾರ್ ನಿಲ್ಲಿಸ್ಲೇ ಇಲ್ಲ. ಅವ್ರೇ ನಿಲ್ಲಿಸ್ದೆ ಮಾತಾಡ್ತಾವ್ರೆ ಅಂದ್ರೆ ಬ್ರೇಕಿನ ವಿಷ್ಯ ದೊಡ್ದೇ ಇರ್ಬೇಕು ಅಂತ, ನಾನೇ ಸುಮ್ನಾದೆ."