ತನ್ನ ಕವನವನ್ನೇ ಹಿಂದಕ್ಕೆ ಕೇಳಿದ ಕವಿ

ನಮ್ಮ ಸೀಮೆಯಲ್ಲಿ ಗಿಡ, ಕೆರೆ, ಹುಲ್ಲುಗಾವಲುಗಳ ಮೇಲೆ ಕವನ ಬರೆಯುವವರಿಗೆ ಎಂದೂ ಬರವಿರಲಿಲ್ಲ. ಬರೆದ ಗಿಡದ ಹೆಸರು ಬಲ್ಲವರಿಗೆ ಮಾತ್ರ ಬರವಿತ್ತು. ಹಾನಗಲ್ಲಿನ ನಮ್ಮ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ಕಲಿಸಿ, ಈ ೧೯೮೯ರ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಪ್ರೊ. ಮಧ್ವೇಶ ಹುದ್ದಾರ ಅವರು ಈ ಕೊರತೆಯನ್ನು ಮೊದಲು ತಮ್ಮಲ್ಲಿಯೇ ಕಂಡುಕೊಂಡವರು. ಕಂಡುಕೊಂಡ ಮೇಲೆ ತಾವೂ ಸುಮ್ಮನಿರದೆ ನಮ್ಮನ್ನೂ ಸುಮ್ಮನಿರಗೊಡದವರು. ಪರಿಸರ ಕಾವ್ಯದ ಮಾತು ಬಂದಾಗಲೆಲ್ಲ ಇಂದು ಅವರ ಹೆಸರನ್ನು ಗೌರವದಿಂದ ಎತ್ತುತ್ತಾರೆ. ಹದಿನೆಂಟು ವರ್ಷ ಅವರ ಬೆನ್ನ ಹಿಂದೆ ತಿರುಗಿದ ನಾನು ಆ ಗೌರವಕ್ಕೆ ನನ್ನ ಬೇಸರವನ್ನೂ ಸೇರಿಸಿಯೇ ಬರೆಯಬೇಕಾಗಿದೆ. ಬರೀ ಹೊಗಳಿದರೆ ಅವರೇ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸುತ್ತಾರೆ.

ಸವಣೂರಿನಲ್ಲಿ ಎಲೆಬಳ್ಳಿ ತೋಟ ಮಾಡುವ ಮನೆಯಿಂದ ೧೯೭೧ರಲ್ಲಿ ನಾನು ಅವರ ತರಗತಿಗೆ ಬಂದೆ. ಎರಡನೆಯ ವರ್ಷ ತಂದೆ ಕಾಲೇಜು ಬಿಡಿಸಿ ತೋಟಕ್ಕೆ ಕರೆದುಕೊಂಡಾಗ ಗುರುಗಳು ಬಸ್ಸು ಹತ್ತಿ ಬಂದು, ಬಳ್ಳಿಗಳ ಸಾಲಿನ ನಡುವೆ ಒಂದು ಇಡೀ ಮಧ್ಯಾಹ್ನ ಕುಳಿತರು. ತಂದೆ 'ಹೂಂ' ಅನ್ನುವವರೆಗೂ ಏಳಲಿಲ್ಲ. ಎಂ.ಎ. ಪರೀಕ್ಷೆಯ ಮುಂದೆ ಎರಡು ತಿಂಗಳು ತಮ್ಮ ಓದುವ ಕೋಣೆಯನ್ನೇ ನನಗೆ ಬಿಟ್ಟುಕೊಟ್ಟು ತಾವು ಪಡಸಾಲೆಯಲ್ಲಿ ಬರೆದುಕೊಂಡರು. ವೈಷ್ಣವ ಪಂಡಿತರ ಮನೆತನದ ಆ ಮನೆಯಲ್ಲಿ ಅವರ ಪತ್ನಿ ವಿಮಲಾಬಾಯಿಯವರು ಮುಸಲ್ಮಾನನಾದ ನನ್ನನ್ನು ಒಳಗೆ ಕೂಡಿಸಿ ಬಿಸಿ ಜೋಳದ ಭಕ್ರಿ ಬಡಿಸಿದ್ದನ್ನು ಕಂಡು ನೆರೆಯವರು ಆಡಿದ ಮಾತುಗಳಿಗೆ ದಂಪತಿಗಳಿಬ್ಬರೂ ಕಿವಿಗೊಡಲಿಲ್ಲ. ೧೯೭೭ರಲ್ಲಿ ನಾನು ಅವರ ಸಹೋದ್ಯೋಗಿಯಾದೆ. ನನ್ನ ಕಷ್ಟವೂ ಅಲ್ಲಿಂದಲೇ ಶುರುವಾಯಿತು.

ಅಷ್ಟರಲ್ಲಿ ಅವರ 'ನೀಲಗಿರಿ' ಎಂಬ ಕವನ ಮಕ್ಕಳ ಬಾಯಲ್ಲಿತ್ತು. ೧೯೭೩ರಲ್ಲಿ, ಮಳೆ ಕೈಕೊಟ್ಟು ಎಲ್ಲರೂ ಒಂದು ಹಸಿರೆಲೆಗಾಗಿ ಹಂಬಲಿಸುತ್ತಿದ್ದಾಗ, ವನಮಹೋತ್ಸವಕ್ಕೆಂದು ಒಂದೇ ಸಂಜೆಯಲ್ಲಿ ಬರೆದದ್ದು. 'ಸಾಲು ನಿಂತ ನೀಲಗಿರಿ, ಊರಿಗೆಲ್ಲ ನೀನೆ ಸಿರಿ' ಎಂದು ಅದರ ಪಲ್ಲವಿ. ಮೂರು ವರ್ಷದಲ್ಲಿ ಅದು ನಾಲ್ಕನೆಯ ಇಯತ್ತೆಯ ಕನ್ನಡ ಪಠ್ಯಪುಸ್ತಕವಾದ ವಾಚಿಕೆಯನ್ನು ಸೇರಿತು. ಗುರುಗಳು ಅಂದು ಬಹಳ ಸಂತೋಷಪಟ್ಟರು.

೧೯೮೨ರಲ್ಲಿ ತಡಸದ ಸಮೀಪದ ಒಂದು ಹಳ್ಳಿಯವರು ವನಮಹೋತ್ಸವಕ್ಕೆ ಅವರನ್ನು ಅತಿಥಿಯಾಗಿ ಕರೆದರು. ನಾನೂ ಜೊತೆಗಿದ್ದೆ. ಊರ ದನ ಮೇಯುವ ಅರವತ್ತು ಎಕರೆ ಗಾಯರಾಣದ ಸುತ್ತ ಅಗಳು ತೋಡಿ, ಒಳಗೆಲ್ಲ ನೀಲಗಿರಿ ನೆಟ್ಟು ನಾಲ್ಕು ವರ್ಷವಾಗಿತ್ತು. ಶಾಲೆಯ ಹುಡುಗಿಯರು ಅವರ ಕವನವನ್ನೇ ಹಾಡಿ ಸ್ವಾಗತಿಸಿದರು. ಸಭೆ ಮುಗಿದ ಮೇಲೆ ಎರಡು ಎಮ್ಮೆ ಸಾಕಿಕೊಂಡಿದ್ದ ಅಡಿವೆವ್ವ ಎಂಬ ಹಿರಿಯ ಹೆಣ್ಣುಮಗಳು ಎದುರಿಗೆ ಬಂದು ನಿಂತಳು.

“ಈ ಹಾಡ ಬರದಾವ್ರು ನೀವ ಏನ್ರಿ?”

“ಹೌದವ್ವಾ.”

“ಚೊಲೋ ಐತ್ರಿ ಹಾಡ. ನನ್ನ ಮೊಮ್ಮಗಳು ದಿನಾ ಹಾಡತಾಳ್ರಿ. ಆದ್ರ ಆ ಗಿಡದ ತಪ್ಪಲಾ ನಮ್ಮ ಎಮ್ಮಿ ಮೂಸಿ ಸೈತ ನೋಡಂಗಿಲ್ರಿ. ಮೊದ್ಲ ಇಲ್ಲಿ ಏನೇನ ಇದ್ವು ಅಂತ ನಿಮಗ ಯಾರೂ ಹೇಳ್ಲಿಲ್ಲೇನ್ರಿ?”

ಅವಳು ಗುರುಗಳನ್ನು ಅಗಳಿನ ಗುಂಟ ನಡೆಸಿಕೊಂಡು ಹೋಗಿ ಕರಕಿ ಹುಲ್ಲು ಎಲ್ಲಿತ್ತು, ಕವಳಿ ಎಲ್ಲಿತ್ತು, ಬಾರಿ, ತಂಗಡಿ, ಊಟದೆಲೆ ಹಚ್ಚುವ ಮುತ್ತಲ, ಕಸಬರಿಗೆಯ ಈಚಲ ಎಲ್ಲೆಲ್ಲಿದ್ದವು ಎಂದು ಕೈಮಾಡಿ ತೋರಿಸಿದಳು. ಎಲ್ಲಿ ನೋಡಿದರೂ ನಮಗೆ ಕಂಡದ್ದು ಒಂದೇ ಗಿಡ. ಬಸ್ಸಿನಲ್ಲಿ ಮರಳುವಾಗ ಬಂಕಾಪುರ ದಾಟುತ್ತಲೇ ಗುರುಗಳು, “ಗೌಸ, ಆ ಕವನ ಪುಸ್ತಕದಾಗಿಂದ ತಗಸಬೇಕು” ಎಂದರು. ಒಂದು ವಾರದ ಕೆಲಸವೆಂದು ನಾನು ಭಾವಿಸಿದೆ.

ಐದು ವರ್ಷ ಹಿಡಿಯಿತು. ಪಠ್ಯಪುಸ್ತಕದ ಕಚೇರಿಗೆ ಹದಿನೇಳು ಪತ್ರ ಬರೆಯಬೇಕಾಯಿತು. ಮೊದಲ ಪತ್ರಕ್ಕೆ ಬಂದ ಉತ್ತರದಲ್ಲಿ ಕವನಕ್ಕಾಗಿ ಕೃತಜ್ಞತೆ ತಿಳಿಸಿ ಕವಿಯ ಭಾವಚಿತ್ರ ಕೇಳಿದ್ದರು. ಎರಡನೆಯದರಲ್ಲಿ, ಆಕ್ಷೇಪಣೆಯನ್ನು ಓದುಗರು ಸಲ್ಲಿಸತಕ್ಕದ್ದು, ಕವಿಗೆ ಆ ಅಧಿಕಾರವಿಲ್ಲ ಎಂದಿತ್ತು. ಓದುಗನಾಗಿ ನಾನು ಆಕ್ಷೇಪಿಸಿದೆ. ಕವನದ ಛಂದಸ್ಸಿನಲ್ಲಿ ದೋಷವಿಲ್ಲವೆಂದು ತಜ್ಞರು ಅಭಿಪ್ರಾಯಪಟ್ಟಿದ್ದಾರೆ ಎಂಬ ಉತ್ತರ ನನಗೆ ಬಂತು. ಬೇಸತ್ತ ಗುರುಗಳು ಶಾಲೆಯಿಂದ ಶಾಲೆಗೆ ಹೋಗಿ ಅದನ್ನು ಕಲಿಸಬೇಡಿರೆಂದು ಕೇಳತೊಡಗಿದರು. ಆಡೂರಿನ ಶಾಲೆಯ ಪರಮೇಶಪ್ಪ ಮಾಸ್ತರರು, “ಸಾಲಿ ಗ್ಯಾದರಿಂಗಿನ್ಯಾಗ ಹಾಡಾಕ ಅದ ಚೊಲೋರಿ ಸರ, ತಾಳಕ್ಕ ಬರೋಬ್ಬರಿ ಕುಂತೈತಿ” ಎಂದರು. “ತಾಳಕ್ಕ ಕೂಡಿಸಿದ್ದ ನನ್ನ ತಪ್ಪು ನೋಡ್ರಿ” ಎಂದು ಇವರು ತಲೆ ಚಚ್ಚಿಕೊಂಡರು.

ಈ ನಡುವೆ, ೧೯೮೫ರಲ್ಲಿ, ಹಿರೇಕೆರೂರಿನ ಪರಿಸರ ಕವಿಗೋಷ್ಠಿಗೆ ಅವರನ್ನೇ ತೀರ್ಪುಗಾರರನ್ನಾಗಿ ಮಾಡಿದರು. ಬಂದ ಅರವತ್ತೆರಡು ಕವನಗಳಲ್ಲಿ ನಲವತ್ತು 'ಓ ಪ್ರಕೃತಿ ಮಾತೆ' ಎಂದೇ ಆರಂಭವಾಗಿದ್ದವು. ವೇದಿಕೆ ಏರಿದ ಪ್ರತಿಯೊಬ್ಬರನ್ನೂ ಗುರುಗಳು, “ಇದು ಯಾವ ಗಿಡಪಾ?” ಎಂದು ಕೇಳಿದರು. ಮೈಲಾರಪ್ಪನೆಂಬ ತರುಣ, “ಸರ, ಅದು ಸಂಕೇತ” ಎಂದ. “ಸಂಕೇತಕ್ಕ ಎಮ್ಮಿ ಬಾಯಿ ಹಾಕತದೇನು?” ಎಂದವರೇ ಯಾರಿಗೂ ಬಹುಮಾನ ಕೊಡದೆ ಇಳಿದು ಬಂದರು. ಸಂಘಟಕರ ಮುನಿಸನ್ನು ಶಮನ ಮಾಡಲು ನಾನು ಮೂರು ಸಲ ಹಿರೇಕೆರೂರಿಗೆ ಹೋದೆ. ನ್ಯಾಯವಾಗಿ ಹೇಳಬೇಕೆಂದರೆ, ಅಂದು ಸಿಟ್ಟಾಗಿದ್ದ ಮೈಲಾರಪ್ಪ ಮರುವರ್ಷ ಕರಕಿಯ ಮೇಲೊಂದು ಕವನ ತಂದ. ಗುರುಗಳು ಅದನ್ನು ಸ್ವತಃ ನಕಲು ಮಾಡಿ ನಾಲ್ಕು ಪತ್ರಿಕೆಗಳಿಗೆ ಕಳಿಸಿಕೊಟ್ಟರು.

೧೯೮೭ರಲ್ಲಿ ವಾಚಿಕೆ ಪರಿಷ್ಕರಣೆಯಾಯಿತು. 'ಸ್ಥಳಾಭಾವದಿಂದ ತಮ್ಮ ಕವನವನ್ನು ಕೈಬಿಡಲು ವಿಷಾದಿಸುತ್ತೇವೆ' ಎಂಬ ಕಾಗದ ಬಂತು. ಹದಿನೇಳು ಪತ್ರಗಳ ಒಂದು ಮಾತೂ ಅದರಲ್ಲಿರಲಿಲ್ಲ. ಆದರೂ ಅದನ್ನು ಹಿಡಿದು ನಾವು ಅಡಿವೆವ್ವನ ಊರಿಗೆ ಹೋದೆವು. ಆಗಷ್ಟೇ ನೀಲಗಿರಿ ಕಡಿದು ಸಾಗಿಸಿದ್ದರು. ಬೊಡ್ಡೆಗಳು ಮತ್ತೆ ಚಿಗುರಿದ್ದವು. ಅವಳು ಕಾಗದವನ್ನು ತಿರುವಿ ನೋಡಿ, “ಪುಸ್ತಕದಾಗಿಂದ ಹೋತು ಅಂದ್ರಿ, ಚೊಲೋ ಆತ್ರಿ. ಇವು ಹೋಗಬೇಕಂದ್ರ ಯಾರಿಗೆ ಬರೀಬೇಕ್ರಿ?” ಎಂದಳು.

ಗುರುಗಳು ಅಲ್ಲಿಯೇ ಅವಳ ಕಟ್ಟೆಯ ಮೇಲೆ ಕುಳಿತು ಅರ್ಜಿ ಬರೆದರು. ಅಲ್ಲಿಂದ ಎರಡು ವರ್ಷ ಅವರು ಕವನ ಬರೆಯಲಿಲ್ಲ. ಊರ ಹೆಣ್ಣುಮಕ್ಕಳ ಹೆಬ್ಬೆಟ್ಟು ಹಾಕಿಸಿಕೊಂಡು ಅರ್ಜಿ ಬರೆದರು, ಶಿಗ್ಗಾವಿಯ ತಾಲೂಕು ಕಚೇರಿಯ ಬಾಗಿಲಲ್ಲಿ ನಿಂತರು, ನನ್ನನ್ನೂ ನಿಲ್ಲಿಸಿದರು. ಕಳೆದ ವರ್ಷ ಕೆರೆಯ ಬದಿಯ ಎಂಟು ಎಕರೆಯ ಬೊಡ್ಡೆ ಕೀಳಲು ಅಪ್ಪಣೆಯಾಯಿತು. ಮೊದಲ ಮಳೆಗೆ ಅಲ್ಲಿ ಹುಲ್ಲು ಬಂತು, ದನ ಇಳಿದವು. ಅದನ್ನು ನೋಡುತ್ತ ನಿಂತ ಗುರುಗಳ ಕಣ್ಣು ತೇವವಾದುದನ್ನು ಕಂಡಾಗ ನನ್ನ ದೂರುಗಳೆಲ್ಲ ಒಂದು ಗಳಿಗೆ ಮರೆತುಹೋದವು. ಮರುಗಳಿಗೆಯೇ ಅವರು, “ಇನ್ನ ಐವತ್ತೆರಡು ಎಕರೆ ಅದ, ಗೌಸ” ಎಂದರು.

ಗುರುಗಳಿಗೆ ಅರ್ಪಿಸುವ ಈ ಅಭಿನಂದನ ಗ್ರಂಥದ ಸಮರ್ಪಣೆಗೆ ನಮ್ಮ ಸಮಿತಿ ಗೊತ್ತುಪಡಿಸಿದ ದಿನವೇ ಶಿಗ್ಗಾವಿಯಲ್ಲಿ ಆ ಉಳಿದ ಜಮೀನಿನ ವಿಚಾರಣೆ ಬಂದಿದೆ. “ಶಾಲು ಆಮ್ಯಾಲೂ ಹೊದಸಲಿಕ್ಕೆ ಬರತದ. ಅಡಿವೆವ್ವ ಒಬ್ಬಾಕಿನ್ನ ಅಲ್ಲಿ ನಿಂದ್ರಸಲಿಕ್ಕೆ ಆಗೂದಿಲ್ಲ” ಎಂದು ಗುರುಗಳು ಹೇಳಿ ಕಳಿಸಿದ್ದಾರೆ. ಆಮಂತ್ರಣ ಪತ್ರಿಕೆಯನ್ನು ಮತ್ತೆ ಅಚ್ಚು ಹಾಕಿಸುತ್ತಿದ್ದೇವೆ. ಪ್ರೊ. ಮಧ್ವೇಶ ಹುದ್ದಾರ ಅವರಿಗೂ ವಿಮಲಾಬಾಯಿಯವರಿಗೂ ನೂರು ವರ್ಷದ ಆಯುಷ್ಯ ದೊರೆಯಲಿ, ಅವರ ಕಾಲಿನ ಶಕ್ತಿಯೂ ಕೈಯ ಅಕ್ಷರವೂ ಇದ್ದ ಹಾಗೆಯೇ ಇರಲಿ ಎಂದು ಹಾರೈಸುತ್ತೇನೆ. ವಿಚಾರಣೆ ಬೆಳಗಿನ ಹತ್ತೂವರೆಗೆ. ಅವರ ಜೊತೆ ನಾನೂ ಹೋಗುತ್ತೇನೆ.