ಮೂವತ್ತೊಂದು ಹಳದಿ ಗಂಟುಗಳ ದಾರಿ

ಭಾನುವಾರ ಬೆಳಗಿನ ಐದೂಮುಕ್ಕಾಲು. ನೀಲಗಿರಿ ತೋಪಿನೊಳಗೆ ಮಂಜು ಇನ್ನೂ ಎದ್ದಿಲ್ಲ. ಆಂಜಿನಮ್ಮ ಕೋಲಿನ ತುದಿಯಿಂದ ತರಗೆಲೆ ಸರಿಸುತ್ತಾ, ಬಗ್ಗಿ ನೋಡುತ್ತಾ, ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಸರಿಸುತ್ತಾರೆ. ಏನು ಹುಡುಕುತ್ತಿದ್ದೀರಿ ಎಂದು ಕೇಳಿದರೆ ಬೆರಳು ಮಡಿಸುತ್ತಾರೆ. "ಬಾಟ್ಲಿ ಚೂರು, ಜಾಲಿ ಮುಳ್ಳು, ಹಂದಿಗೆ ಅಂತ ಯಾರಾದ್ರೂ ಹಾಕಿರೋ ಉರುಲು. ಜನಕ್ಕಾದ್ರೆ ಕಾಲಿಗೆ ಬೂಟ್ ಇರ್ತದೆ ಸಾರ್. ನಾಯಿ ಬರಿಗಾಲಲ್ಲಿ ಬರ್ತದೆ."

ಮಾಲೂರು ತಾಲ್ಲೂಕಿನ ಲಕ್ಕೂರಿನಿಂದ ನಾಲ್ಕೈದು ಕಿಲೋಮೀಟರ್ ಒಳಗಿರುವ ತೋಪು ಇದು. ಒಂದು ಬದಿಗೆ ಇಟ್ಟಿಗೆ ಗೂಡು, ಇನ್ನೊಂದು ಬದಿಗೆ ಹೊಳೆ. ನಾಲ್ಕು ವರ್ಷದಿಂದ ಆಂಜಿನಮ್ಮ ಇಲ್ಲಿನ ಕಾವಲುಗಾರ್ತಿ. ಎರಡು ವರ್ಷದಿಂದ ಪ್ರತಿ ಭಾನುವಾರ ಇಲ್ಲಿಗೆ ಬೆಂಗಳೂರಿನ ನಾಯಿಗಳು ಗಾಳಿ ಸೇವನೆಗೆ ಬರುತ್ತವೆ. ನಾಯಿಗಳು ಬರುತ್ತವೆ ಎಂದೇ ಬರೆಯಬೇಕು. ಜನ ಹಗ್ಗದ ಇನ್ನೊಂದು ತುದಿಯಲ್ಲಿ ಏದುಸಿರು ಬಿಡುತ್ತಾ ಹಿಂಬಾಲಿಸುತ್ತಾರೆ, ಅಷ್ಟೇ. ಮೂರೂವರೆ ಕಿಲೋಮೀಟರ್ ನಡಿಗೆ, ಹೊಳೆದಂಡೆಯಲ್ಲಿ ಅರ್ಧ ಗಂಟೆ ಆಟ, ಆಮೇಲೆ ವಾಪಸ್ಸು. ಹನ್ನೊಂದು ನಾಯಿ ಬಂದರೆ ಕಡಿಮೆ, ಇಪ್ಪತ್ತು ಬಂದರೆ ಜಾಸ್ತಿ.

ನಗರದ ಹತ್ತಿರ ನಾಯಿ ಕರೆದುಕೊಂಡು ಹೋಗಬಹುದಾದ ಜಾಗಗಳ ಬಗ್ಗೆ ಚಿಕ್ಕದೊಂದು ಲೇಖನ ಬರೆಯುವುದು ನನಗಿದ್ದ ಕೆಲಸ. ಕಳೆದ ಭಾನುವಾರ ಇಲ್ಲಿಗೆ ಬಂದವನು ಹನ್ನೊಂದು ನಾಯಿಗಳ ಸಮೇತ ದಾರಿ ತಪ್ಪಿದೆ. ತಪ್ಪಿದ್ದು ಹೇಗೆಂದು ತಿಳಿಯಲು ಈ ವಾರ ಮತ್ತೆ ಬಂದಿದ್ದೇನೆ. ತಿಳಿಯಿತೇ ಎಂದರೆ, ಪೂರ್ತಿ ತಿಳಿಯಿತೆಂದು ಹೇಳುವ ಧೈರ್ಯ ಈಗಲೂ ಇಲ್ಲ.

ಆಂಜಿನಮ್ಮನಿಗೆ ನಲವತ್ತೊಂಬತ್ತು. ಇಲ್ಲಿಗೆ ಬರುವ ಮೊದಲು ಇಪ್ಪತ್ತೆರಡು ವರ್ಷ ತೋಪಿನಾಚೆಯ ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ ಹೊತ್ತವರು. ಒಂದು ಸಲಕ್ಕೆ ತಲೆಯ ಮೇಲೆ ಹನ್ನೆರಡು ಇಟ್ಟಿಗೆ, ದಿನಕ್ಕೆ ನೂರಕ್ಕೂ ಹೆಚ್ಚು ಸಲ. ಬೂದಿ, ಧೂಳು ಎದೆಗೆ ಕೂತು, ಕೆಮ್ಮಿದರೆ ರಾತ್ರಿಯೆಲ್ಲ ಮನೆಯವರಿಗೂ ನಿದ್ದೆಯಿಲ್ಲ. ಮಾಲೂರಿನ ಡಾಕ್ಟರು ಇನ್ನು ಗೂಡಿನ ಕಡೆ ತಲೆ ಹಾಕಬೇಡ ಎಂದರು. "ಹಾಕ್ಬೇಡ ಅಂದ್ಬಿಟ್ರು. ಬೇರೆ ಎಲ್ಲಿ ಹಾಕ್ಲಿ ಅಂತ ಹೇಳ್ಲಿಲ್ಲ," ಎಂದು ನಗುತ್ತಾರೆ. ಗಂಡ ಮುನಿಕೃಷ್ಣಪ್ಪ ಕುರಿ ಮೇಯಿಸುತ್ತಾರೆ. ತೋಪಿನ ಮಾಲೀಕರಾದ ಕೋಲಾರದ ಗಂಗಾಧರ್ ಕಾವಲಿಗೆ ಜನ ಹುಡುಕುತ್ತಿದ್ದಾಗ ಮುನಿಕೃಷ್ಣಪ್ಪನವರೇ ಹೆಂಡತಿಯ ಹೆಸರು ಹೇಳಿದ್ದು. ಇಲ್ಲಿಗೆ ಬಂದ ಆರು ತಿಂಗಳಿಗೆ ಕೆಮ್ಮು ಇಳಿಯಿತು.

ಬೆಂಗಳೂರಿನ ಶಿರೀಷಾ ಎಂಬುವವರು ನಾಯಿ ಸಾಕಿದವರದೊಂದು ಗುಂಪು ಕಟ್ಟಿಕೊಂಡಿದ್ದಾರೆ. ಭಾನುವಾರದ ನಡಿಗೆ ಅವರದೇ ಏರ್ಪಾಡು, ಅದಕ್ಕೆ ತೋಪಿನ ಮಾಲೀಕರಿಗೆ ಬಾಡಿಗೆ ಕೊಡುತ್ತಾರೆ. ಆ ಗುಂಪು ಬರುತ್ತಿರುವಷ್ಟು ದಿನ ಮರ ಕಡಿಸುವುದಿಲ್ಲ, ಬರುವುದು ನಿಂತರೆ ಮರುತಿಂಗಳೇ ತೋಪನ್ನು ಕಡಿಯುವವರಿಗೆ ಕೊಟ್ಟುಬಿಡುತ್ತೇನೆ ಎಂದು ಗಂಗಾಧರ್ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ತೋಪಿಲ್ಲದ ಮೇಲೆ ಕಾವಲೇಕೆ? ಆಂಜಿನಮ್ಮನಿಗೆ ಗೊತ್ತಿರುವ ಇನ್ನೊಂದು ಕೆಲಸ ಗೂಡಿನದು.

ಮೊದಮೊದಲು ನಾಯಿಗಳಿಗಿಂತ ನಾಯಿಯವರೇ ಇವರಿಗೆ ಅರ್ಥವಾಗುತ್ತಿರಲಿಲ್ಲ. ಒಂದು ನಾಯಿಯ ಹೆಸರು ರಾಗಿ. "ತಿನ್ನೋ ಅನ್ನದ ಹೆಸ್ರು ನಾಯಿಗೆ ಇಕ್ತಾರಾ? ಕೂಗೋಕೂ ಒಂಥರಾ ಆಯ್ತದೆ," ಎನ್ನುತ್ತಾರೆ. ಅದನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ, ಎಲ್ಲವಕ್ಕೂ ತೆಲುಗಿನ "ರಾ ರಾ" ಒಂದೇ. ಬೆಂಗಳೂರಿನಲ್ಲಿ ಇಂಗ್ಲಿಷಿಗೂ ಓಗೊಡದ ನಾಯಿಗಳು ಆ ಕರೆಗೆ ಬಾಲ ಅಲ್ಲಾಡಿಸಿಕೊಂಡು ಓಡಿ ಬರುತ್ತವೆ. ಅವರ ಸ್ವಂತ ನಾಯಿ ಕರಿಯ. ಕುರಿ ಅಟ್ಟಿಸಿಕೊಂಡು ಹೋಗದಿರಲೆಂದು ಕೊರಳಿಗೆ ಮರದ ತುಂಡೊಂದು ತೂಗುಬಿಟ್ಟಿದ್ದಾರೆ. ಗುಂಪಿನವರೊಬ್ಬರು ಇದು ಹಿಂಸೆ ಎಂದು ರೇಗಿದರಂತೆ. "ಅವ್ರು ಹಗ್ಗ ಹಿಡ್ಕೊಂಡು ಬರ್ತಾರೆ, ನಾವು ತುಂಡು ಕಟ್ಟಿ ಬಿಡ್ತೀವಿ. ಎರಡೂ ಕಟ್ಟಿದ್ದೇ ಅಲ್ವಾ ಸಾರ್?"

ಗೋಜಲು ಶುರುವಾದದ್ದು ಹೋದ ತಿಂಗಳು. ನೀಲಗಿರಿ ಮರಗಳೆಲ್ಲ ಒಂದೇ ಥರ, ದಾರಿ ತಿಳಿಯುವುದಿಲ್ಲ, ಏನಾದರೂ ಗುರುತು ಮಾಡಿಸಿ ಎಂದು ಶಿರೀಷಾ ಕೇಳಿದರು. ಗಂಗಾಧರ್ ಒಂದು ಡಬ್ಬ ಕೆಂಪು ಬಣ್ಣ ಕಳಿಸಿದರು. ಆಂಜಿನಮ್ಮ ಅದನ್ನು ಮಂಚದ ಕೆಳಗಿಟ್ಟವರು ಮುಚ್ಚಳ ತೆಗೆಯಲೇ ಇಲ್ಲ. ಈ ಕಡೆ ಮರಕ್ಕೆ ಕೆಂಪು ಪಟ್ಟೆ ಬಳಿದರೆ ಅದು ಕಡಿಯುವ ಮರವೆಂದೇ ಲೆಕ್ಕ. "ಪಕ್ಕದ ತೋಪಲ್ಲಿ ಬಳಿದ್ರು, ಎರಡೇ ದಿನಕ್ಕೆ ಮಿಷನ್ನು ಬಂತು. ನನ್ ಕೈಯಾರೆ ನಾನು ಬಳೀಲಾ?"

ಗಂಡನ ಹಳೆಯ ಬಿಳಿ ಪಂಚೆಯನ್ನು ಹರಿದರು. ಮಂಜಿನಲ್ಲೂ ಕಾಣಲೆಂದು ಅರಿಶಿನದ ನೀರಿಗೆ ಅದ್ದಿದರು. ಗಾಳಿಗೆ ಬಟ್ಟೆ ಎದ್ದು ಕೊಂಬೆಗೆ ಸುತ್ತಿಕೊಳ್ಳದಿರಲೆಂದು ತುದಿಗೊಂದು ಪುಟ್ಟ ಕಲ್ಲಿಟ್ಟು ಗಂಟು ಹಾಕಿದರು. ಹೀಗೆ ಮೂವತ್ತೊಂದು ಮರಕ್ಕೆ ಮೂವತ್ತೊಂದು ಹಳದಿ ಬಟ್ಟೆ ಕಟ್ಟಿದರು. ಕಟ್ಟುವಾಗ ತಾನೇನು ಮಾಡುತ್ತಿದ್ದೇನೆ ಎಂಬುದು ಅವರಿಗೆ ಹೊಳೆಯಲಿಲ್ಲವಂತೆ. ಅರಿಶಿನದ ಬಟ್ಟೆಯಲ್ಲಿ ನಾಣ್ಯವಿಟ್ಟು ಗಂಟು ಹಾಕಿ ಮರಕ್ಕೆ ಕಟ್ಟಿದರೆ ಅದು ಮುಡಿಪು, ದೇವರಿಗೆ ಹೊತ್ತ ಹರಕೆ. ಸೌದೆಗೆ ಬಂದ ಹೆಂಗಸರು ಸಾಲುಸಾಲು ಮುಡಿಪು ನೋಡಿ ಕೈಮುಗಿದರು. ಇಷ್ಟು ಜನ ಕಟ್ಟಿದ್ದಾರೆಂದರೆ ಸುಮ್ಮನೆಯೇ ಎಂದುಕೊಂಡು ತಾವೂ ಕಂಡ ಕಂಡ ಮರಕ್ಕೆ ಕಟ್ಟಿದರು. ಯಾರೋ ಕುಂಕುಮ ಇಟ್ಟರು. ಎರಡೇ ವಾರಕ್ಕೆ ಮೂವತ್ತೊಂದು ಇದ್ದದ್ದು ಎಪ್ಪತ್ತು ದಾಟಿತು.

ಮುಂದಿನದು ಕಳೆದ ಭಾನುವಾರ ನಾನು ಕಣ್ಣಾರೆ ಕಂಡದ್ದು. "ಹಳದಿ ಬಟ್ಟೆ ನೋಡ್ಕೊಂಡು ನಡೀರಿ, ಅಷ್ಟೇ," ಎಂದರು ಶಿರೀಷಾ. ನಡೆದೆವು. ದಾರಿ ಕವಲೊಡೆದಲ್ಲಿ ಎಡಕ್ಕೂ ಹಳದಿ, ಬಲಕ್ಕೂ ಹಳದಿ. ಎಡಗಡೆ ಹೆಚ್ಚು ಕಂಡಿತೆಂದು ಎಡಕ್ಕೆ ತಿರುಗಿದೆವು. ಇಪ್ಪತ್ತು ನಿಮಿಷದ ಮೇಲೆ ಮರಗಳು ಮುಗಿದವು, ಹೊಳೆ ಸಿಗಲಿಲ್ಲ. ಸಿಕ್ಕಿದ್ದು ಇಟ್ಟಿಗೆ ಗೂಡಿನ ಮಣ್ಣಿನ ಗುಂಡಿ. ಹನ್ನೊಂದು ನಾಯಿಗಳೂ ಇದಕ್ಕೇ ಕಾದಿದ್ದ ಹಾಗೆ ಹಸಿ ಕೆಸರಿಗೆ ಬಿದ್ದವು. ರಾಗಿ ಎದ್ದು ಬಂದದ್ದು ಇಟ್ಟಿಗೆಯ ಬಣ್ಣದಲ್ಲಿ. ಗೂಡಿನ ಕೆಲಸದವರು ನಮ್ಮನ್ನು ನೋಡಿದರು, ನಾವು ಅವರನ್ನು ನೋಡಿದೆವು.

ಆಂಜಿನಮ್ಮ ಓಡೋಡಿ ಬಂದರು. ಬಂದವರು ಗೂಡಿನ ಗಡಿಯಲ್ಲೇ ನಿಂತುಬಿಟ್ಟರು. ಒಂದು ಹೆಜ್ಜೆ ಒಳಗಿಡಲಿಲ್ಲ. ಸೆರಗನ್ನು ಮೂಗಿಗೆ ಒತ್ತಿಕೊಂಡು ಅಲ್ಲಿಂದಲೇ "ರಾ ರಾ" ಎಂದು ಕೂಗಿದರು. ನಾಯಿಗಳು ಹೋದವು, ನಾವೂ ಹೋದೆವು. ವಾಪಸು ಬರುವಾಗ ಹನ್ನೊಂದರಲ್ಲಿ ಒಂದು ನಾಯಿ ಕುಂಕುಮವಿಟ್ಟ ಮರದ ಬುಡದಲ್ಲಿ ಕಾಲೆತ್ತಿತು. ಅದೇ ಹೊತ್ತಿಗೆ ಎದುರಿನಿಂದ ಬಂದವರು ಊರಿನ ಹಿರಿಯರಾದ ದೊಡ್ಡನಾರಾಯಣಪ್ಪ.

ಹಾಗಾಗಿ ಈ ಭಾನುವಾರ ತೋಪಿನ ಬಾಯಲ್ಲಿ ಪಂಚಾಯ್ತಿ. ಕಾರುಗಳು ಸಾಲಾಗಿ ನಿಂತಿವೆ, ಕಿಟಕಿಗಳಿಂದ ನಾಯಿಗಳ ಮೂತಿಗಳು ಹೊರಗೆ ಬಂದಿವೆ. ದೊಡ್ಡನಾರಾಯಣಪ್ಪ ಕಲ್ಲಿನ ಮೇಲೆ ಕೂತಿದ್ದಾರೆ, ಊರಿನ ಹತ್ತಾರು ಜನ ಸುತ್ತ ನಿಂತಿದ್ದಾರೆ. ಕೋಪಕ್ಕಿಂತ ಹೆಚ್ಚಾಗಿ ಎಲ್ಲರ ಮುಖದಲ್ಲಿರುವುದು ಗೊಂದಲ.

"ಏಮ್ಮಾ ಆಂಜಿನಮ್ಮ, ಇದು ದೇವ್ರ ಜಾಗವೋ ನಾಯಿ ದಾರಿಯೋ, ಒಂದು ಹೇಳ್ಬಿಡು," ಎನ್ನುತ್ತಾರೆ ದೊಡ್ಡನಾರಾಯಣಪ್ಪ.

"ದಾರಿ ದೊಡ್ಡಪ್ಪ. ಗುರುತಿಗೆ ಕಟ್ಟಿದ್ದೆ."

"ಗುರುತಿಗೆ ಅರಿಶಿನ ಯಾಕೆ? ಗಂಟು ಯಾಕೆ?"

"ಕಾಣ್ಲಿ ಅಂತ ಅರಿಶಿನ. ಹಾರ್ದಿರ್ಲಿ ಅಂತ ಗಂಟು."

ಹೆಂಗಸರ ಸಾಲಿನಿಂದ ಬಚ್ಚಮ್ಮ ಎಂಬ ಅಜ್ಜಿ ದನಿ ತೆಗೆಯುತ್ತಾರೆ. "ನಾನು ಮೊಮ್ಮಗಳ ಜ್ವರಕ್ಕೆ ಕಟ್ಟಿದ್ದು. ಇಳೀತಲ್ಲಾ! ಗುರುತಿಗೆ ಇಳೀತಾ?" ದೊಡ್ಡನಾರಾಯಣಪ್ಪ ತಲೆ ಕೆರೆದುಕೊಂಡು ತೀರ್ಪು ಹೇಳುತ್ತಾರೆ. ಮುಡಿಪಿನ ನಡುವೆ ನಾಯಿ ತಿರುಗಬಾರದು, ನಡಿಗೆ ನಿಲ್ಲಲಿ. ಬೇರೆಯವರ ಮುಡಿಪು ಬಿಚ್ಚುವ ಹಾಗಿಲ್ಲ, ಕಟ್ಟಿದವರೇ ಬಿಚ್ಚಬೇಕು, ಅದೂ ಕೇಳಿಕೊಂಡದ್ದು ನಡೆದ ಮೇಲೆ. "ನಿಂದು ಮುಡಿಪಲ್ಲ ಅಂತೀಯಲ್ಲ. ನಿನ್ನ ಮೂವತ್ತೊಂದು ನೀನು ಬಿಚ್ಕೋ."

"ಆಂಟಿ, ಬೇರೆ ಜಾಗ ನೋಡ್ಕೋತೀವಿ. ನಮ್ಮಿಂದ ನಿಮಗೆ ತೊಂದ್ರೆ ಬೇಡ," ಎನ್ನುತ್ತಾರೆ ಶಿರೀಷಾ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿಲ್ಲ ಎಂಬುದು ಅವರಿಗೆ ತಿಳಿದಿಲ್ಲ. ನನಗೆ ತಿಳಿದಿದೆ.

ಆಂಜಿನಮ್ಮ ಮೊದಲ ಮರದ ಬಳಿ ಹೋಗುತ್ತಾರೆ. ಅಲ್ಲಿ ನಾಲ್ಕು ಹಳದಿ ಗಂಟುಗಳಿವೆ. ಒಂದೊಂದನ್ನೇ ಬೆರಳಿನಿಂದ ಒತ್ತಿ ನೋಡುತ್ತಾರೆ. ನಾಣ್ಯ, ನಾಣ್ಯ, ನಾಣ್ಯ, ಕಲ್ಲು. ಕಲ್ಲಿನದು ಅವರದು. ಗಂಟಿಗೆ ಉಗುರು ಹಾಕಿದ ಕೈ ಅಲ್ಲೇ ನಿಲ್ಲುತ್ತದೆ.

"ಆಗಲ್ಲ ದೊಡ್ಡಪ್ಪ."

"ಯಾಕೆ ಆಗಲ್ಲ?"

"ಗುರುತಿಗೇ ಕಟ್ಟಿದ್ದು, ಸುಳ್ಳಲ್ಲ. ಆದ್ರೆ ಕಟ್ಟೋವಾಗ ಬಾಯಲ್ಲಿ ಒಂದು ಮಾತು ಬಂದಿತ್ತು. ಮೂವತ್ತೊಂದು ಮರಕ್ಕೂ ಅದನ್ನೇ ಅಂದಿದ್ದೀನಿ. ಮತ್ತೆ ಗೂಡಿಗೆ ಕಳಿಸ್ಬೇಡ ತಾಯೀ ಅಂತ."

"ಯಾವ ತಾಯಿಗೆ?"

"ಅದು ನಂಗೂ ಗೊತ್ತಿಲ್ಲ."

ದೊಡ್ಡನಾರಾಯಣಪ್ಪ ಈಗ ತಾವೇ ಹೇಳಿದ ಮಾತಿಗೆ ಸಿಕ್ಕಿಬಿದ್ದಿದ್ದಾರೆ. ಕೇಳಿಕೊಂಡದ್ದು ನಡೆಯದೆ ಬಿಚ್ಚುವಂತಿಲ್ಲ. ನಡೆಯಬೇಕಾದರೆ ಈಕೆ ಗೂಡಿಗೆ ಹೋಗಬಾರದು. ಹೋಗದಿರಬೇಕಾದರೆ ತೋಪು ಉಳಿಯಬೇಕು, ಉಳಿಯಬೇಕಾದರೆ ನಾಯಿಗಳು ಬರಬೇಕು. ಅವರು ಕಾರುಗಳ ಕಡೆ ನೋಡುತ್ತಾರೆ, ಮರಗಳ ಕಡೆ ನೋಡುತ್ತಾರೆ, ಕೊನೆಗೆ ಯಾಕೋ ನನ್ನ ಕಡೆ ನೋಡುತ್ತಾರೆ. ನಾನು ಪುಸ್ತಕದಲ್ಲಿ ಬರೆದುಕೊಳ್ಳುವವನಂತೆ ತಲೆ ತಗ್ಗಿಸುತ್ತೇನೆ.

"ಮರ ಮುಟ್ಟದ ಹಾಗೆ ಹೋಗ್ತವಾ ನಿಮ್ ನಾಯಿಗಳು?" ಎಂದು ಅವರು ಶಿರೀಷಾರನ್ನು ಕೇಳುತ್ತಾರೆ. "ಹಗ್ಗ ಗಿಡ್ಡ ಹಿಡ್ಕೋತೀವಿ ತಾತ, ಹೊಳೆಗೆ ಹೋಗೋವರ್ಗೂ ಬಿಡಲ್ಲ," ಎಂಬ ಉತ್ತರ ಬರುತ್ತದೆ. ಸರಿ, ನಾಯಿಗಳು ಮರದ ಸಾಲು ಬಿಟ್ಟು ನಡುವಿನ ಬಯಲಲ್ಲಿ ಹೋಗಲಿ, ದಾರಿಯ ಗುರುತು ನೆಲದ ಮೇಲಿರಲಿ, ಇನ್ನು ಮೇಲೆ ಯಾರೂ ಹೊಸ ಮುಡಿಪು ಕಟ್ಟಬೇಡಿ ಎಂದು ಪಂಚಾಯ್ತಿ ಮುಗಿಯುತ್ತದೆ. ಏಳುವಾಗ ಮುದುಕ ಗೊಣಗುತ್ತಾರೆ: "ಎಪ್ಪತ್ತಾರು ವರ್ಷದಲ್ಲಿ ಹಿಂಗೊಂದು ನ್ಯಾಯ ನಾನು ಮಾಡಿಲ್ಲ." ಬಚ್ಚಮ್ಮ ಮಾತ್ರ ಹೋಗುವ ಮುನ್ನ ತಮ್ಮ ಗಂಟು ಬಿಚ್ಚಿಕೊಂಡು, ಕಾರಿನ ಕಿಟಕಿಯಲ್ಲಿದ್ದ ರಾಗಿಯ ತಲೆ ಸವರುತ್ತಾರೆ.

ನೆಲದ ಮೇಲೆ ಏನು ಗುರುತು ಹಾಕುವುದು? ಸುಣ್ಣ ಒಂದು ಮಳೆಗೆ ಅಳಿಸುತ್ತದೆ. ಆಂಜಿನಮ್ಮ ಮನೆಯಿಂದ ಬಿದಿರು ಬುಟ್ಟಿ ತಂದು, ತೋಪಿನಾಚೆ ನಡೆಯುತ್ತಾರೆ. ನಾನೂ ಹಿಂದೆ ಹೋಗುತ್ತೇನೆ. ಗೂಡಿನ ಗಡಿಯಲ್ಲಿ ಅವರ ಕಾಲು ಒಮ್ಮೆ ತಡೆಯುತ್ತದೆ. ಸೆರಗಿನಿಂದ ಮೂಗು ಬಾಯಿ ಬಿಗಿದು ಕಟ್ಟಿಕೊಂಡು ಒಳಗೆ ಹೋಗುತ್ತಾರೆ. ಮೂಲೆಯಲ್ಲಿ ರಾಶಿ ಬಿದ್ದ ಒಡೆದ ಇಟ್ಟಿಗೆಯನ್ನು ಬುಟ್ಟಿಗೆ ತುಂಬುತ್ತಾರೆ. ಹಳೆಯ ಜೊತೆಗಾರ್ತಿಯೊಬ್ಬಳು, "ಏನೇ ಆಂಜಿ, ವಾಪಸ್ ಬಂದ್ಬಿಟ್ಟೆಯಾ?" ಎಂದು ಕೂಗುತ್ತಾಳೆ. ಇವರು ಕೈಯಾಡಿಸಿ ಇಲ್ಲ ಎನ್ನುತ್ತಾರೆ.

ಕವಲಿನ ಬಳಿ ಬುಟ್ಟಿ ಇಳಿಸಿ, ಬಲಗಡೆಯ ದಾರಿಯಂಚಿಗೆ ಒಂದೊಂದೇ ಕೆಂಪು ಚೂರನ್ನು ಅರ್ಧ ಹೂಳುತ್ತಾ ಬರುತ್ತಾರೆ. ನಾಯಿಯ ಕಾಲಿಗೆ ಚುಚ್ಚದಂತೆ ಚೂಪಾದ ಅಂಚು ಕೆಳಗೆ, ಮಟ್ಟಸವಾದದ್ದು ಮೇಲೆ. ಕಾರುಗಳ ಬಾಗಿಲು ತೆರೆಯುವ ಸದ್ದಾಗುತ್ತದೆ. ಒಮ್ಮೆ ಕೆಮ್ಮುತ್ತಾರೆ, ಎದೆ ನೀವಿಕೊಳ್ಳುತ್ತಾರೆ. ಮುಖದಲ್ಲಿ ಮಾತ್ರ ಎಂಥದೋ ಗೆಲುವು.

"ಇಪ್ಪತ್ತೆರಡು ವರ್ಷ ಯಾರ್ಯಾರದೋ ಮನೆಗೆ ಹೊತ್ತಿದ್ದೀನಿ ಸಾರ್," ಎನ್ನುತ್ತಾರೆ. "ಇವತ್ತು ಹೊತ್ತಿದ್ದು ನನ್ ದಾರಿಗೆ."