ರೇಡಿಯೋ ಕಾಕಾ ಮಾತಾಡಿದ ದಿನ

ಅವರ ಎಡಗೆನ್ನೆಯ ಮೇಲೆ ಬಟ್ಟೆಯ ನೇಯ್ಗೆ ಅಚ್ಚೊತ್ತಿರುತ್ತಿತ್ತು. ರೇಡಿಯೋದ ಮುಖಕ್ಕೆ ಒರಟು ಬಟ್ಟೆ ಬಿಗಿದಿರುತ್ತಾರಲ್ಲ, ಅದರದು. ಬ್ಯಾಟರಿ ಸೊರಗಿ ದನಿ ಸಣ್ಣಗಾದಾಗ ಅವರು ಪೆಟ್ಟಿಗೆಗೆ ಕೆನ್ನೆ ಒತ್ತಿ ಕೂತು, ಒಳಗಿನವರು ಹೇಳಿದ್ದನ್ನು ಹೊರಗಿನವರಿಗೆ ಹೇಳುತ್ತಿದ್ದರು. ಎದ್ದು ಬಂದಾಗ ಕೆನ್ನೆ ತುಂಬ ಸಣ್ಣ ಚೌಕಳಿ, ಕಿವಿ ಕೆಂಪು. ಶೇರವಾನಿಯ ಎಡಮಗ್ಗುಲಿಗೆ ತೂತುಗಳು. ಬ್ಯಾಟರಿಯನ್ನು ಕೂಸಿನ ಹಾಗೆ ಸೊಂಟದ ಮೇಲೆ ಹೊತ್ತು, ಕರೆಂಟು ತುಂಬಿಸಲು ಊರ ಹೊರಗಿನ ಹತ್ತಿ ಗಿರಣಿಗೆ ಒಯ್ಯುತ್ತಿದ್ದರು. ಅದರ ಆಸಿಡ್ಡು ತಿಂದ ತೂತುಗಳವು. ಶೇರವಾನಿಯ ಕೆಳಗೆ ಧೋತರ. ಮೇಲೆ ನಿಜಾಮ, ಕೆಳಗೆ ನಮ್ಮಪ್ಪ ಎಂಬಂತೆ ಸಿಂಧನೂರಿನಲ್ಲಿ ಓಡಾಡುತ್ತಿದ್ದವರು ಅವರೊಬ್ಬರೇ.

ಊರಿಗೆಲ್ಲ ಅವರು ರೇಡಿಯೋ ಕಾಕಾ. ನಿಜಾಮರ ಕಾಲದಲ್ಲಿ ತಹಸೀಲು ಕಚೇರಿಯ ಗುಮಾಸ್ತರು. ಪೊಲೀಸ್ ಆ್ಯಕ್ಷನ್ ಆಗಿ ರಾಜ್ಯ ಬದಲಾದ ಮೇಲೆ ಸರಕಾರ ನಮ್ಮೂರಿಗೊಂದು ರೇಡಿಯೋ ಕಳಿಸಿತು. ಅದನ್ನು ಚಾವಡಿ ಕಟ್ಟೆಯ ಮೇಲಿಟ್ಟರು, ಬೇವಿನ ಮರಕ್ಕೆ ದನಿ ದೊಡ್ಡದು ಮಾಡುವ ಭೋಂಗಾ ಕಟ್ಟಿದರು. ಆದರೆ ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಆಗ ಕಾಕಾ ಮುಂದೆ ಬಂದು, "ಒಳಗ ಮಾತಾಡಾಂವ ಮನುಷ್ಯಾನ ಅಂದಮ್ಯಾಗ ಹೆದರೋದ್ಯಾಕ?" ಎಂದು ಪೆಟ್ಟಿಗೆಯ ಕಿವಿ, ಅಂದರೆ ಗುಂಡಿ, ತಿರುವಿದರಂತೆ. ಅಂದಿನಿಂದ ಆ ಪೆಟ್ಟಿಗೆ ಅವರದಾಯಿತು, ಅವರು ಪೆಟ್ಟಿಗೆಯವರಾದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇದ್ದವಳು ಮಸ್ಕಿಯಲ್ಲಿ ಒಬ್ಬ ಅಕ್ಕ. ಊಟ ಎಲ್ಲೋ ಆಗುತ್ತಿತ್ತು, ಚಹಾ ಮಾತ್ರ ಕಟ್ಟೆಯೆದುರಿನ ಅಂಗಡಿಯಲ್ಲಿ.

ಕಾಕಾ ರೇಡಿಯೋ ಹಚ್ಚಿ ಸುಮ್ಮನೆ ಕೂಡುವವರಲ್ಲ. ಅದು ಅವರ ದರಬಾರು. ಸುದ್ದಿ ಬಂದಾಗ ಟೊಪ್ಪಿಗೆ ಹಾಕಿಕೊಳ್ಳುವರು, ಹಾಡು ಬಂದರೆ ತೆಗೆಯುವರು. ಕೇಳಿದರೆ, "ಸುದ್ದಿ ಅಂದ್ರ ಕಚೇರಿ, ಹಾಡಂದ್ರ ಮನಿ" ಎನ್ನುವರು. ಪೆಟ್ಟಿಗೆಯ ಮುಂದೆ ದಿನಾ ಒಂದು ಲೋಟ ನೀರು. "ಅಷ್ಟು ದೂರದಿಂದ ಮಾತಾಡ್ತಾನ, ಗಂಟಲಾ ಒಣಗಂಗಿಲ್ಲೇನು?" ಸುದ್ದಿ ಉರ್ದುವಿನಲ್ಲೋ ಹಿಂದಿಯಲ್ಲೋ ಬರುತ್ತಿತ್ತು. ಕಾಕಾ ನಡುವೆ ಕಿವಿ ತಿರುವಿ ದನಿ ಇಳಿಸಿ, "ಸಾಹೇಬ್ರ, ಒಂದ್ ನಿಮಿಷ ತಡೀರಿ, ನಮ್ಮ ಮಂದಿಗೆ ತಿಳಿಸ್ತೀನಿ" ಎಂದು ಕನ್ನಡದಲ್ಲಿ ಹೇಳುವರು. ಮತ್ತೆ ದನಿ ಏರಿಸುವಷ್ಟರಲ್ಲಿ ಸಾಹೇಬರು ಎಲ್ಲಿಗೋ ಹೋಗಿರುತ್ತಿದ್ದರು. ಕಾಕಾನಿಗೆ ಖರೇನೇ ಸಿಟ್ಟು. "ನೋಡ್ರಿ, ತಡಿ ಅಂದ್ರ ತಡ್ಯಂಗಿಲ್ಲ. ದೊಡ್ಡ ಊರಿನ ಮಂದಿನ ಇಷ್ಟು." ಸಾಹೇಬರು ಬಿಟ್ಟುಹೋದದ್ದನ್ನು ತಾವೇ ತುಂಬಿಕೊಡುತ್ತಿದ್ದರು. ಅದರಲ್ಲಿ ಖರೆ ಎಷ್ಟು, ಕಾಕಾ ಎಷ್ಟು, ದೇವರೇ ಬಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಸುದ್ದಿಯನ್ನು ಅವರು ಹೇಳಿದ್ದು ಹೀಗೆ: "ಹೊಳಿಗೆ ಗ್ವಾಡಿ ಕಟ್ಟಾಕತ್ಯಾರ. ಹೊಳಿ ಸಿಟ್ಟಾಗಿ ನಮ್ಮ ಕಡೆ ನಡಕೊಂತ ಬರ್ತೈತಿ. ಬಂದಾಗ ಬಾಗಲಾ ಹಾಕ್ಕೋಬ್ಯಾಡ್ರಿ." ಕಾಲುವೆಯ ನೀರು ಮೊದಲ ಸಲ ಬಂದಾಗ ನಮ್ಮಜ್ಜಿ ನಿಜಕ್ಕೂ ಬಾಗಿಲು ತೆರೆದಿಟ್ಟು ಕೂತಿದ್ದಳು.

ನಮ್ಮ ಮನೆ ಚಾವಡಿಯ ಹಿಂದಿನ ಓಣಿಯಲ್ಲಿತ್ತು. ಹೆಣ್ಣುಮಕ್ಕಳು ಕಟ್ಟೆಗೆ ಹೋಗುವಂತಿರಲಿಲ್ಲ. ಕದದ ಹಿಂದೆ ನಿಂತು ಸಿಕ್ಕಷ್ಟು ಕೇಳುತ್ತಿದ್ದೆವು. ಒಂದು ಸಂಜೆ ಕಾಕಾ ಏನೋ ಹೇಳಿ, ಗಂಡಸರೆಲ್ಲ ನಕ್ಕು ಮುಗಿಸಿದ ಮೇಲೆ ಓಣಿಯಲ್ಲಿ ನಮ್ಮ ನಗೆ ಎದ್ದಿತು. ಮರುದಿನ ನೋಡಿದರೆ ಭೋಂಗಾ ಓಣಿಯ ಕಡೆ ತಿರುಗಿತ್ತು. ಹಿರಿಯರು ಕಣ್ಣು ಕೆಂಪಗೆ ಮಾಡಿದರು, ಹೆಣ್ಣುಮಕ್ಕಳಿಗೆ ಖಬರು ಯಾಕೆ ಎಂದರು. ಕಾಕಾ ಕೈಮುಗಿದು, "ನಾ ತಿರುಗಿಸಿಲ್ರೀ, ಗಾಳಿ ತಿರುಗಿಸೇತಿ" ಎಂದರು. ಆ ಗಾಳಿ ಮುಂದೆ ದಿನಾ ಸಂಜೆ ಸುದ್ದಿ ಮುಗಿಯುತ್ತಲೇ ಬೀಸತೊಡಗಿತು.

ಭೋಂಗಾ ತಿರುಗಿದ ಮೇಲೆ ಕಾಕಾ ಎಣ್ಣೆ ಅಂಗಡಿಯ ದೊಡ್ಡ ತಗಡಿನ ಲಾಳಿಕೆಯನ್ನು ಬಾಯಿಗೆ ಹಿಡಿದು, "ಶರಣ್ರಿ ಎಲ್ಲಾರಿಗೂ" ಎಂದು ಓಣಿಯತ್ತ ಕೂಗುವರು. ಮೀಸೆ ತುಂಬ ಶೇಂಗಾ ಎಣ್ಣೆ. ತಿರುಗಿ ಶರಣು ಬರುವ ತನಕ ಮುಂದಿನ ಮಾತು ಇಲ್ಲ. "ಮಾತಾಡಾಂವ ಅರ್ಧ, ಕೇಳಾಂವ ಅರ್ಧ. ಎರಡೂ ಕೂಡಿದ್ರ ಒಂದು ಮಾತು" ಎಂಬುದು ಅವರ ನೇಮ. ಮೊದಲ ದಿನ ಓಣಿ ಗಪ್ಪಾಯಿತು. ಕಾಕಾ ಕಾದರು. ಕಡೆಗೆ ನಾನೇ ತಡೆಯಲಾರದೆ ಕದದ ಸಂದಿನಿಂದ "ಶರಣ್ರೀ" ಎಂದುಬಿಟ್ಟೆ. ಊರಿಗೆ ಕೇಳುವಂತೆ ನಾನು ಆಡಿದ ಮೊದಲ ಮಾತು ಅದು. ಅವ್ವ ಬೆನ್ನಿಗೊಂದು ಬಿಟ್ಟಳು. ಮರುದಿನ ಅವ್ವನೂ ಶರಣೆಂದಳು. ದಿಲ್ಲಿ ಎಲ್ಲಿದೆ, ಸಮುದ್ರ ಎಂದರೇನು, ಓಟು ಯಾರು ಯಾರು ಹಾಕಬಹುದು, ಎಲ್ಲವೂ ನನಗೆ ಆ ಎಣ್ಣೆ ಲಾಳಿಕೆಯಿಂದ ಬಂದದ್ದು. ಇಷ್ಟು ವರ್ಷ ಕಳೆದರೂ ಆ ಮನುಷ್ಯನನ್ನು ನೆನೆದರೆ ನನಗೆ ಸೋಜಿಗವೇ. ಯಾರೂ ಹೇಳದೆ, ಯಾರೂ ಕೇಳದೆ, ಒಂದು ಓಣಿಯ ಹೆಂಗಸರಿಗೆ ಜಗತ್ತನ್ನು ತೋರಿಸಬೇಕೆಂದು ಅವರಿಗೆ ಹೇಗೆ ಹೊಳೆಯಿತೋ!

ನನ್ನ ಮದುವೆಯಾಯಿತು, ಲಿಂಗಸುಗೂರಿಗೆ ಹೋದೆ. ಮಾವನವರು ವಕೀಲರು. ಪಡಸಾಲೆಯಲ್ಲಿ ಅವರದೇ ಒಂದು ರೇಡಿಯೋ ಇತ್ತು. ಅದಕ್ಕೆ ಯಾರೂ ನೀರಿಡುತ್ತಿರಲಿಲ್ಲ.

ಒಂದು ಆಷಾಢದಲ್ಲಿ ತವರಿನಿಂದ ಸುದ್ದಿ ಬಂತು. ಕಾಲುವೆ ನೋಡಲು ಬಂದ ಯಾರೋ ಅಧಿಕಾರಿ ಕಟ್ಟೆಯಲ್ಲಿ ಕಾಕಾನ ಮಾತು ಕೇಳಿ ಬೆರಗಾಗಿ, ಹೈದರಾಬಾದಿನ ರೇಡಿಯೋದಲ್ಲಿ ಮಾತಾಡಲು ಕರೆಸಿದ್ದಾರಂತೆ. ನಮ್ಮೂರಿನ ಬಗ್ಗೆ ಹತ್ತು ನಿಮಿಷ. ಚೆನ್ನಾಗಿ ಆಡಿದರೆ ವಾರವಾರ ಕರೆಯುತ್ತಾರಂತೆ. ಕಾಕಾ ಊರಿಗೆಲ್ಲ ಹೇಳಿದರಂತೆ: "ಇಷ್ಟು ದಿನಾ ಮಂದಿ ಮಾತು ನಿಮಗ ಮುಟ್ಟಿಸೀನಿ. ಒಮ್ಮೆ ನಿಮ್ಮ ಮಾತು ಮಂದಿಗೆ ಮುಟ್ಟಿಸಿ ಬರ್ತೀನಿ. ಅಷ್ಟಾದ್ರ ಸಾಕು, ಸತ್ರೂ ಚಿಂತಿಲ್ಲ." ಹೋಗುವ ಮುಂಚೆ ಬ್ಯಾಟರಿಗೆ ಭರ್ತಿ ಕರೆಂಟು ತುಂಬಿಸಿ, ಚಹಾದ ಅಂಗಡಿಯವನಿಗೆ ಕಿವಿ ತಿರುವುವುದು ಕಲಿಸಿ, ಆ ದಿನದ ತನಕ ಯಾರೂ ಮುಟ್ಟಕೂಡದೆಂದು ಆಣೆ ಹಾಕಿಸಿಕೊಂಡಿದ್ದರು.

ಆ ಸಂಜೆ ಮಾವನವರು ರೇಡಿಯೋ ಹಚ್ಚಿದರು. ನಾನು ನನ್ನ ಕೂಸನ್ನೆತ್ತಿಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಯಾರೋ ಏನೋ ಹೇಳಿದರು. ಆಮೇಲೆ ಅದೇ ದನಿ: "ಶರಣ್ರಿ ಎಲ್ಲಾರಿಗೂ."

"ಶರಣ್ರೀ" ಎಂದೆ ನಾನು, ಗಟ್ಟಿಯಾಗಿಯೇ. ಅತ್ತೆ ನಕ್ಕುಬಿಟ್ಟರು.

ಮುಂದೆ ಏನೂ ಬರಲಿಲ್ಲ. ಬರೀ ಉಸಿರಾಡುವ ಸಪ್ಪಳ. ಒಂದು ಕೆಮ್ಮು. ಕೂಸು ನನ್ನ ಸರ ಎಳೆಯುತ್ತಿತ್ತು. ಪೆಟ್ಟಿಗೆ ಮೂಕಾಗಿಯೇ ಇತ್ತು. ಆಮೇಲೆ ಬೇರೊಬ್ಬರು ಏನೋ ಹೇಳಿ ಶಹನಾಯಿ ಹಾಕಿದರು. "ನಿಮ್ಮೂರಾವ ಹೆದರ್ಯಾನ" ಎಂದು ಮಾವನವರು ಎದ್ದುಹೋದರು. ನಾನು ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಕಣ್ಣೀರು ಹಾಕಿದೆ.

ಪಂಚಮಿಗೆ ಕರೆಯಲು ಬರಬೇಕಿದ್ದ ಅಣ್ಣನಿಗೆ ಜ್ವರ ಬಂದಿತ್ತು. ಮಾವನವರು ಡ್ರೈವರಿಗೆ ಒಪ್ಪಿಸಿ ನನ್ನನ್ನೂ ಕೂಸನ್ನೂ ಬಸ್ಸು ಹತ್ತಿಸಿದರು. ಮಸ್ಕಿಯಲ್ಲಿ ಬಸ್ಸು ನಿಂತಾಗ ಆ ಶೇರವಾನಿ ಹತ್ತಿತು. ಟೊಪ್ಪಿಗೆ ಕೈಯಲ್ಲಿತ್ತು. ಕೆನ್ನೆಯ ಮೇಲೆ ಚೌಕಳಿಯ ಗುರುತೇ ಇರಲಿಲ್ಲ.

"ಕಾಕಾರೀ" ಎಂದೆ.

"ಓ, ನೀನೇನವ್ವಾ?" ಎದುರಿನ ಸೀಟಿನಲ್ಲಿ ಕುಸಿದು ಕೂತರು. "ಅಕ್ಕನ ಮನ್ಯಾಗ ಅಡಗಿ ಕುಂತಿದ್ನಿ. ಎಷ್ಟು ದಿನಾ ಅಂತ ಕುಂದ್ರೋದು? ಅಕ್ಕ ಬೈದು ಕಳಿಸ್ಯಾಳ."

ಅವರೇ ಹೇಳಿದರು. "ಗ್ವಾಡಿಗೆಲ್ಲ ಹಚ್ಚಡ ಹೊಚ್ಚಿದಂಗ ಮಾಡ್ಯಾರವ್ವ. ಕೆಮ್ಮಿದ್ರ ಕೆಮ್ಮು ಅಲ್ಲೇ ಸಾಯ್ತೈತಿ. ಕೆಂಪು ದೀಪಾ ಹತ್ತಿತು. ಶರಣ್ರಿ ಎಲ್ಲಾರಿಗೂ ಅಂದ್ನಿ. ಅಂದು ಕಾದ್ನಿ. ಯಾರೂ ತಿರುಗಿ ಅನ್ಲಿಲ್ಲ. ಅನ್ನಂಗಿಲ್ಲಂತ ನನಗೂ ಗೊತ್ತೈತಿ, ನಾ ಏನ್ ಹುಚ್ಚಲ್ಲ. ಆದ್ರ ಬಾಯಿಗೆ ಗೊತ್ತಿಲ್ಲಲ್ಲ. ಗಾಜಿನ ಆಚಿಂದ ಒಬ್ಬಾಂವ ಮಾತಾಡ್ರಿ ಮಾತಾಡ್ರಿ ಅಂತ ಕೈ ಮಾಡಾಕತ್ತಿದ್ದ. ಬಾಯಿ ತೆಗೀತೀನಿ, ಮಾತ ಇಲ್ಲ."

"ನಾ ಅಂದಿದ್ನಿರೀ ಕಾಕಾ."

"ಏನಂದಿದ್ದಿ?"

"ಶರಣ್ರೀ ಅಂತ. ಅಡಿಗಿ ಮನ್ಯಾಗ ನಿಂತು. ನಮ್ಮತ್ತಿ ನಕ್ರು."

ಅವರು ನನ್ನನ್ನೇ ನೋಡಿದರು. ಬಸ್ಸು ಎರೆ ಕೆಸರಿನಲ್ಲಿ ಹೊಯ್ದಾಡುತ್ತಿತ್ತು. "ಅಂದಿದ್ದ್ಯಾ?" ಎಂದರು. "ಹೂಂರಿ" ಎಂದೆ. ಟೊಪ್ಪಿಗೆಯಿಂದ ಕಣ್ಣೊರೆಸಿಕೊಂಡರು. "ಹಂಗಾರ ಒಂದು ಮನಿಗಾದ್ರೂ ಮುಟ್ಟೇತಿ" ಎಂದರು. ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟು, "ಊರಾಗ ಎಲ್ಲಾರೂ ನಾ ಮೂಕಾಗಿದ್ದು ಕೇಳ್ಯಾರ. ಇಳದ ಕೂಡ್ಲೇ ಕೈ ಮುಗದು, ತಪ್ಪಾತು ಅಂತೀನಿ. ನಿಮ್ಮ ಮಾತು ಮುಟ್ಟಸಲಾರದ ಬಂದೀನಿ ಅಂತೀನಿ" ಎಂದರು.

ಸಿಂಧನೂರಿನಲ್ಲಿ ಇಳಿಯುವಷ್ಟರಲ್ಲಿ, ದಿನಾ ಬಸ್ಸು ಕಾಯುತ್ತಿದ್ದ ಚಹಾದ ಅಂಗಡಿಯವನು ಓಡಿ ಬಂದು ಕೊರಳಿಗೆ ಹಾರ ಹಾಕಿದ. "ಏನ್ ಮಾತಾಡಿದ್ರಿ ಕಾಕಾ! ಗಂಟಿ ಬಾರಿಸಿದಂಗ!" ಹಿಂದೆಯೇ ಊರು ಸೇರಿತು. "ಭಾಳ ಚೊಲೋ ಆತ್ರೀ!" "ಹೈದ್ರಾಬಾದಿನವ್ರು ನಡುಗಿರಬೇಕು!" ಅಣಕಿಸುತ್ತಿದ್ದಾರೆಂದುಕೊಂಡೆ. ಆದರೆ ಆ ಮುಖಗಳಲ್ಲಿ ಅಣಕವಿರಲಿಲ್ಲ, ಗಾಬರಿಯಿತ್ತು. ಕಾಕಾ ಮುಗಿಯಲು ಎತ್ತಿದ ಕೈ ಹಾಗೇ ನಿಂತಿತು. ಕಟ್ಟೆಗೆ ನಡೆದು ಪೆಟ್ಟಿಗೆಯ ಕಿವಿ ತಿರುವಿದರು. ಕೆನ್ನೆ ಒತ್ತಿ ಕೇಳಿದರು. ಆಮೇಲೆ ಕೂಸನ್ನು ಮಾತಾಡಿಸುವ ನೆಪದಲ್ಲಿ ನನ್ನ ಬಳಿ ಬಂದು ಪಿಸುಗುಟ್ಟಿದರು: "ಡಬ್ಬಿ ಸತ್ತೈತವ್ವ. ಇವರ್ಯಾರೂ ಕೇಳೇ ಇಲ್ಲ."

ನಡೆದದ್ದೇನೆಂದು ಆ ರಾತ್ರಿ ಅಣ್ಣ ಹೇಳಿದ. ಕಾಕಾ ಅತ್ತ ಹೋಗಿದ್ದೇ ತಡ, ಇತ್ತ ಮಂದಿಗೆ ತಡೆಯಲಾಗಲಿಲ್ಲ. ದನಿ ಬಂದೀತೇನೋ ನೋಡೋಣ, ಮುಂಚೆಯೇ ಬಂದುಬಿಟ್ಟರೆ ಏನು ಗತಿ ಎಂದು ದಿನಾ ಹಚ್ಚಿದರು. ಕಾಕಾ ಮಾತಾಡುವ ದಿನ ಊರಿಗೆ ಊರೇ ಮಿಂದು ಮಡಿಯುಟ್ಟು ಕಟ್ಟೆಗೆ ಬಂದರೆ ಪೆಟ್ಟಿಗೆಯಲ್ಲಿ ಜೀವವಿಲ್ಲ. ಯಾರೂ ಕೂಡಿ ಮಾತಾಡಿಕೊಳ್ಳಲಿಲ್ಲವಂತೆ. ಆದರೂ ಎಲ್ಲರ ಬಾಯಲ್ಲಿ ಒಂದೇ ಸುಳ್ಳು ಬಂತು.

ಕಾಕಾ ನನಗೆ ಪಿಸುಗುಟ್ಟಿ ಮುಗಿಸುವಷ್ಟರಲ್ಲಿ ಒಬ್ಬ ಹಿರಿಯರು ನನ್ನತ್ತ ತಿರುಗಿದರು. "ನಿಮ್ಮ ಮಾವನ ಮನ್ಯಾಗೂ ರೇಡಿಯೋ ಐತಲ್ಲವ್ವ. ನೀ ಹೇಳು, ಹ್ಯಾಂಗಿತ್ತು?"

ಎಲ್ಲರೂ ನನ್ನನ್ನು ನೋಡಿದರು. ಕಾಕಾ ನೆಲ ನೋಡಿದರು. ಏನು ಮಾತಾಡಿದರೆಂದು ತಿಳಿಯಲು ಆ ಮಂದಿ ಬಾಯಿ ಬಾಯಿ ಬಿಡುತ್ತಿದ್ದರು, ಆಗಲೇ ಕೇಳಿದ್ದೇವೆಂದು ಹೇಳಿಬಿಟ್ಟಿದ್ದರಿಂದ ವಿಚಾರಿಸುವಂತಿರಲಿಲ್ಲ. ನಾನು ಒಂದು ಮಾತು ತಪ್ಪಿದರೆ ಕಾಕಾ ಹೋದರು, ಇನ್ನೊಂದು ತಪ್ಪಿದರೆ ಊರು ಹೋಯಿತು. ಅದು ಹೇಗೆ ಬಾಯಿಗೆ ಬಂತೋ, "ನಾ ಹೇಳೋದೇನೈತ್ರೀ? ಮಾತಾಡಿದಾವ್ರು ಎದುರಿಗೇ ನಿಂತಾರ. ಅವರ ಬಾಯಿಲೇ ಇನ್ನೊಮ್ಮೆ ಕೇಳ್ರಿ" ಎಂದೆ.

"ಹೌದೌದು, ಇನ್ನೊಮ್ಮೆ!" ಇಡೀ ಊರು ಉಸಿರು ಬಿಟ್ಟಿತು.

ಕಾಕಾ ಕಟ್ಟೆ ಹತ್ತಿದರು. ಟೊಪ್ಪಿಗೆ ಹಾಕಿಕೊಂಡರು, ಏನನ್ನಿಸಿತೋ, ತೆಗೆದು ಪೆಟ್ಟಿಗೆಯ ಮೇಲಿಟ್ಟರು. ಲಾಳಿಕೆ ಹಿಡಿದು ಕಟ್ಟೆಗೂ ಓಣಿಗೂ ಕೇಳುವಂತೆ ನಿಂತು, "ಶರಣ್ರಿ ಎಲ್ಲಾರಿಗೂ" ಎಂದರು.

"ಶರಣ್ರೀ!" ಬೇವಿನ ಮರದ ಹಕ್ಕಿಗಳು ಎದ್ದು ಹಾರಿದವು. ಕಾಕಾ ಕಣ್ಣು ಮುಚ್ಚಿ ಅದನ್ನು ಕೇಳಿದರು.

"ನಮ್ಮೂರಾಗ ನೋಡಂಥಾದ್ದು ಏನೂ ಇಲ್ರೀ" ಎಂದು ಶುರುಮಾಡಿದರು. "ಕ್ವಾಟಿ ಇಲ್ಲ, ಗುಡ್ಡಾ ಇಲ್ಲ. ಎರಿ ಹೊಲಾ ಐತಿ. ಮಳಿ ಬಂದ್ರ ಕಾಲು ಹಿಡಕೋತೈತಿ. ಹೋಗಬ್ಯಾಡ, ಕುಂದ್ರು, ಉಂಡು ಹೋಗು ಅಂತೈತಿ. ನಮ್ಮ ಮಂದೀನೂ ಹಂಗ. ಇಲ್ಲೊಬ್ಬ ಚಹಾದ ಅಂಗಡ್ಯಾಂವ ಅದಾನ. ಸಕ್ರಿ ಕಡಿಮಿ ಹಾಕ್ತಾನ, ಮಾತು ಜಾಸ್ತಿ ಹಾಕ್ತಾನ."

"ಅಯ್ಯ! ಇದನ್ನೂ ಅಲ್ಲಿ ಹೇಳಿದ್ರೇನು?" ಎಂದು ಅವನು ಕೂಗಿದ. ಯಾರೋ ಚಿವುಟಿದರು.

"ಹೇಳೀನಲ್ಲೋ, ನೀ ಕೇಳಿಯಲ್ಲ!"

"ಹೂಂರಿ, ಕೇಳೀನಿ, ಕೇಳೀನಿ."

ಕಾಕಾ ನಗಲಿಲ್ಲ. ಮುಂದೆ ಹೇಳುತ್ತ ಹೋದರು. "ನಮ್ಮ ಹೆಣ್ಮಕ್ಕಳು ಕದದ ಹಿಂದ ನಿಂತು ಕೇಳ್ತಾರ. ಅವರು ಕಾಣಂಗಿಲ್ರೀ. ಆದ್ರ ಒಮ್ಮೆ ಶರಣ್ರೀ ಅಂದ್ರಂದ್ರ, ನನಗ ದಿಲ್ಲಿ ತನಾ ಮಾತಾಡೋ ಧೈರ್ಯ ಬರ್ತೈತಿ." ಹತ್ತು ನಿಮಿಷದ ಮಾತು ದೀಪ ಹಚ್ಚುವ ತನಕ ನಡೆಯಿತು. ಅದರಲ್ಲಿ ನೀರು ಬಂದ ದಿನ ಇತ್ತು, ನೀರಿಲ್ಲದ ದಿನಗಳಿದ್ದವು, ನಿಜಾಮರ ಕಡೆಗಾಲದ ಗಲಾಟೆಯಲ್ಲಿ ಊರು ಬಿಟ್ಟು ಓಡಿದ್ದವರು ತಿರುಗಿ ಬಂದು ತಮ್ಮ ಹೊಸ್ತಿಲು ಮುಟ್ಟಿ ನೋಡಿದ ಸಂಗತಿ ಇತ್ತು. ಕೇಳಿದ್ದೇವೆಂದು ಹೇಳಿದ ಮಂದಿಯೆಲ್ಲ ಹೊಸದಾಗಿ ಕೇಳಿ ಅತ್ತರು. ನಾನು ಆಮೇಲೆ ದೊಡ್ಡ ದೊಡ್ಡವರ ಭಾಷಣ ಕೇಳಿದ್ದೇನೆ. ಮೈ ಜುಂ ಎಂದದ್ದು ಅವತ್ತೊಂದೇ ದಿನ.

ಹೈದರಾಬಾದಿನವರು ಮತ್ತೆ ಕರೆಯಲಿಲ್ಲ. ಯಾಕೆಂದು ಕಾಕಾನನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಟ್ಟೆಯ ದರಬಾರು ನಡೆದೇ ಇತ್ತು. ಕನ್ನಡ ನಾಡೆಲ್ಲ ಒಂದಾದ ಸುದ್ದಿಯನ್ನು ಊರಿಗೆ ಹೇಳಿ, "ಇನ್ನ ಈ ಡಬ್ಬಿ ತಾನ ಕನ್ನಡ ಮಾತಾಡ್ತೈತಿ. ನನ್ನ ನೌಕರಿ ಹೋತು" ಎಂದು ನಕ್ಕಿದ್ದರಂತೆ. ಆ ಚಳಿಗಾಲ ಕಳೆಯಲಿಲ್ಲ, ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟರು.

ಸುದ್ದಿ ಕೇಳಿ ಲಿಂಗಸುಗೂರಿನಿಂದ ಬಂದೆ. ಹೂವಿನ ನಡುವೆ ಅವರನ್ನು ಕೂರಿಸಿದ್ದರು, ಶೇರವಾನಿ ತೊಡಿಸಿಯೇ. ಬಂದವರೆಲ್ಲ, "ಹೈದ್ರಾಬಾದ್ ರೇಡಿಯೋದಾಗ ಮಾತಾಡಿ ಬಂದಾವ್ರು" ಎಂದು ಪರವೂರಿನವರಿಗೆ ಹೇಳುತ್ತಿದ್ದರು. ಚಹಾದ ಅಂಗಡಿಯವನು ನನ್ನನ್ನು ಗೋಡೆಯ ಮರೆಗೆ ಕರೆದ.

"ಅವ್ವಾ, ಹೊಟ್ಟ್ಯಾಗ ಇಟಗೊಂಡು ಸಾಕಾಗೇತಿ. ಅವತ್ತು ನಾವ್ಯಾರೂ ಕೇಳಿಲ್ಲ. ದಿನಾ ಹಚ್ಚಿ ಹಚ್ಚಿ ಬ್ಯಾಟ್ರಿ ಕೊಂದಾಂವ ನಾನ. ಜನ್ಮದಾಗ ಒಮ್ಮೆ ಮಾತಾಡಿದ್ರು, ಸ್ವಂತ ಊರೇ ಅದನ್ನ ಕೇಳ್ಲಿಲ್ಲ. ಸುಳ್ಳು ಹೇಳಿ ಕಳಿಸಿದ್ವಿ. ಪಾಪ, ಅವರಿಗೆ ಗೊತ್ತಾಗ್ಲೇ ಇಲ್ಲ."

ಕಾಕಾನಿಗೆ ಎಲ್ಲ ಗೊತ್ತಿತ್ತು ಎನ್ನಬಹುದಿತ್ತು. ಹಾಗೆ ಹೇಳಿದರೆ ಕಾಕಾ ಅಲ್ಲಿ ಮೂಕಾದದ್ದನ್ನೂ ಹೇಳಬೇಕಾಗುತ್ತಿತ್ತು.

"ನಾ ಕೇಳೀನಿ" ಎಂದೆ. "ಲಿಂಗಸುಗೂರಾಗ, ಅಡಿಗಿ ಮನ್ಯಾಗ ನಿಂತು ಕೇಳೀನಿ. ಶರಣ್ರಿ ಎಲ್ಲಾರಿಗೂ ಅಂದ್ರು. ತಿರುಗಿ ಶರಣ್ರೀ ಅಂದ್ನಿ. ಅದು ಅವರಿಗೂ ಗೊತ್ತಿತ್ತು, ನಾನ ಹೇಳೀನಿ."

"ಖರೇನವ್ವಾ?"

"ನನ್ನ ಮಗನ ಆಣಿ."

ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ಆತು ಬಿಡವ್ವ. ಊರಿನ ಪರವಾಗಿ ಒಬ್ಬರಾದ್ರೂ ಶರಣ್ರೀ ಅಂದೀವಿ" ಎಂದು, ಹೆಗಲು ಕೊಡಲು ಹೋದ.